ಬೂದಿದಿಬ್ಬ, ಮೊರೇರ ಮನೆ, ಪಾಲ್ಕಿಗುಂಡು: ಊರಿನ ನೆನಪನ್ನು ಓದುವ ಬಗೆ

(ಕೊಪ್ಪಳದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳಿಗೂ ಊರಿನ ಆಸಕ್ತರಿಗೂ ಮಾಡಿದ ಉಪನ್ಯಾಸದ ಬರಹ ರೂಪ)

ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಹೋಗುವ ದಾರಿಯಲ್ಲಿ ಕುಡತಿನಿಯನ್ನು ದಾಟಿ ಸ್ವಲ್ಪ ದೂರ ಸಾಗಿದರೆ, ಗುಡ್ಡಗಳ ನಡುವೆ ರಸ್ತೆ ನುಸುಳಿಕೊಂಡು ಹೋಗುವ ಕಡೆ, ಒಂದು ದಿಬ್ಬವಿದೆ. ನಿಮ್ಮಲ್ಲಿ ಬಹಳ ಮಂದಿ ಬಸ್ಸಿನ ಕಿಟಕಿಯಿಂದ ಅದನ್ನು ಕಂಡಿರುತ್ತೀರಿ, ಆದರೆ ದೂರಕ್ಕೆ ಅದು ರಸ್ತೆ ಕೆಲಸಕ್ಕೆಂದು ತಂದು ಸುರಿದ ಮಣ್ಣಿನ ರಾಶಿಯಂತೆ ಕಾಣುವುದರಿಂದ ಗಮನಿಸಿರಲಾರಿರಿ. ಒಮ್ಮೆ ಇಳಿದು ಹತ್ತಿರ ಹೋಗಿ ನೋಡಿ. ಕೆಲವು ಕಡೆ ಅದು ಜೋಳದ ಹಿಟ್ಟಿನಷ್ಟು ನುಣ್ಣಗಿನ ಬೂದಿ. ಬೆರಳಿಗೆ ಹತ್ತಿಕೊಂಡರೆ ಹಣೆಗೆ ಹಚ್ಚಿಕೊಳ್ಳುವ ವಿಭೂತಿಯ ಬಣ್ಣ. ಕೆಲವು ಕಡೆ ಅದೇ ಬೂದಿ ಕರಗಿ, ಕುದಿದು, ಗಟ್ಟಿಯಾಗಿ ಕಮ್ಮಾರನ ಕುಲುಮೆಯ ಬಳಿ ಬಿದ್ದಿರುವ ಕಬ್ಬಿಣದ ಕಿಟ್ಟದಂತೆ ಆಗಿದೆ. ಆ ಗಟ್ಟಿಯನ್ನು ಎತ್ತಿಕೊಂಡರೆ ಕಲ್ಲಿಗಿಂತ ಬಹಳ ಹಗುರ. ಒಡೆದ ಮುಖದಲ್ಲಿ ಗಾಜಿನಂಥ ಹೊಳಪು, ಅದರೊಳಗೆ ಗುಳ್ಳೆ ಒಡೆದು ಉಳಿದ ಸಣ್ಣ ಸಣ್ಣ ತೂತುಗಳು. ಮಣ್ಣನ್ನೂ ಬೂದಿಯನ್ನೂ ಗಾಜಾಗಿಸುವಷ್ಟು ದೊಡ್ಡ ಬೆಂಕಿ ಇಲ್ಲಿ ಒಂದು ಕಾಲಕ್ಕೆ ಉರಿದಿದೆ ಎಂಬುದನ್ನು ಹೇಳಲು ಪುರಾತತ್ವದ ಪದವಿ ಬೇಕಿಲ್ಲ.

ಜನ ಅದನ್ನು ಹೇಳಿಯೂ ಇದ್ದಾರೆ. ಕುಡತಿನಿಯ ದಿಬ್ಬಕ್ಕೆ ಬೂದಿಗುಂಟ ಎಂದು ಹೆಸರು. ಭೀಮನು ಹಿಡಿಂಬಾಸುರನನ್ನು ಕೊಂದು ಸುಟ್ಟ ಜಾಗ ಅದು ಎಂದು ಒಂದು ಕಥೆ, ಋಷಿಗಳು ಯಜ್ಞ ಮಾಡಿದ ಕುಂಡದ ಬೂದಿ ಎಂದು ಇನ್ನೊಂದು ಕಥೆ. ಹಂಪಿಯ ಮಗ್ಗುಲಿನ ನಿಂಬಾಪುರದಲ್ಲಿಯೂ ಅಂಥದೇ ಬೂದಿಯ ರಾಶಿಯಿದೆ. ಅಲ್ಲಿ ಸುತ್ತಮುತ್ತಲಿನ ನೆಲವೆಲ್ಲ ಕಿಷ್ಕಿಂಧೆಯಾದ್ದರಿಂದ ಅದು ವಾಲಿಯ ಚಿತೆಯ ಬೂದಿ. ಇಂಥ ದಿಬ್ಬಗಳು ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಸೀಮೆಗಳಲ್ಲಿಯೂ ಕೃಷ್ಣೆಯ ಆಚೆಯ ತೆಲಂಗಾಣದ, ಆಂಧ್ರದ ನೆಲದಲ್ಲಿಯೂ ಸೇರಿ ನೂರಕ್ಕೂ ಹೆಚ್ಚು ಗೊತ್ತಾಗಿವೆ.

ಇನ್ನು ಓದಿದವರು ಏನು ಹೇಳಿದರು ಎಂಬುದನ್ನು ನೋಡೋಣ. ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಸೈನ್ಯದ ಅಧಿಕಾರಿ ಈ ದಿಬ್ಬಗಳ ಬಗ್ಗೆ ಬರೆದ ಲೇಖನ 1843ರಲ್ಲಿ ಪ್ರಕಟವಾಯಿತು. ಬಳ್ಳಾರಿಯಲ್ಲಿ ಕೆಲಸ ಮಾಡಿದ್ದ, ವಿಜಯನಗರದ ಇತಿಹಾಸ ಬರೆದು ಹೆಸರಾದ ರಾಬರ್ಟ್ ಸೂಯೆಲ್ 1899ರಲ್ಲಿ ಇವುಗಳ ಬಗ್ಗೆ ಬರೆಯುತ್ತ, ಇವು ವಿಜಯನಗರ ಕಾಲದಲ್ಲಿ ಸಾಮೂಹಿಕವಾಗಿ ನಡೆದ ಸಹಗಮನಗಳ ಬೂದಿಯಿರಬಹುದು ಎಂಬ ಊಹೆಯನ್ನು ಮುಂದಿಟ್ಟರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ದಿಬ್ಬಗಳ ಸುತ್ತ ಸಿಗುವ ಕಲ್ಲುಕೊಡಲಿಗಳನ್ನೂ ಮಡಕೆಯ ಚೂರುಗಳನ್ನೂ ನೋಡಿ, ಲೋಹವನ್ನೇ ಕಾಣದ ದನಗಾಹಿಗಳ ಕಾಲದ ಸಗಣಿಯ ರಾಶಿ ಬೆಂದು ಇವು ಆಗಿವೆ ಎಂದರು. ಆ ಮಾತು ಗಟ್ಟಿಯಾಗಲು ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ರಾಯಚೂರು ಜಿಲ್ಲೆಯ ಪಿಕ್ಲಿಹಾಳದಲ್ಲಿ ಉತ್ಖನನ ಮಾಡಿದ್ದ ಎಫ್. ಆರ್. ಆಲ್ಚಿನ್ ಅವರು 1957ರಲ್ಲಿ ಕೃಷ್ಣೆಯ ಆಚೆಯ ಉತ್ನೂರಿನ ದಿಬ್ಬವನ್ನು ಅಗೆದಾಗ, ಮರದ ಬೊಡ್ಡೆಗಳನ್ನು ಸಾಲಾಗಿ ನೆಟ್ಟು ಮಾಡಿದ ದೊಡ್ಡಿಯ ಗುರುತುಗಳು ಬೂದಿಯ ಪದರದ ಕೆಳಗೆ ಸಿಕ್ಕವು. ದೊಡ್ಡಿಯೊಳಗಿನ ನೆಲದಲ್ಲಿ ದನಗಳ ಗೊರಸಿನ ಗುರುತುಗಳೂ ಉಳಿದಿದ್ದವು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಒಂದು ದಿನ ಹಸಿ ನೆಲದ ಮೇಲೆ ಊರಿದ ಗೊರಸು ಇವತ್ತಿಗೂ ಗೊರಸಾಗಿಯೇ ಕಾಣುತ್ತದೆ ಎಂದರೆ, ನನಗೆ ಪ್ರತಿಸಲ ಹೇಳುವಾಗಲೂ ಮೈ ಜುಮ್ಮೆನ್ನುತ್ತದೆ. ಪ್ರಯೋಗಾಲಯದ ಪರೀಕ್ಷೆಗಳೂ ಅದು ಸುಟ್ಟ ಸಗಣಿಯೇ ಎಂದು ತೋರಿಸಿದವು.

ಅಂದರೆ ಹಿಡಿಂಬನ ಕಥೆಯೂ ಸರಿಯಿಲ್ಲ, ಸೂಯೆಲ್ ಅವರ ಊಹೆಯೂ ಸರಿಯಿಲ್ಲ. ಆದರೆ ನಮ್ಮ ಪಾಠಗಳಲ್ಲಿ ಸೂಯೆಲ್ ಅವರ ಊಹೆಗೆ ‘ಹಿಂದಿನ ಅಭಿಪ್ರಾಯ’ ಎಂಬ ಗೌರವ ಸಿಗುತ್ತದೆ, ಹಿಡಿಂಬನ ಕಥೆಗೆ ‘ಮೂಢನಂಬಿಕೆ’ ಎಂಬ ಹೆಸರು ಸಿಗುತ್ತದೆ. ನಾನು ಇವತ್ತು ಮಾತಾಡಬೇಕೆಂದಿರುವುದು ಈ ತಾರತಮ್ಯದ ಬಗ್ಗೆ. ಕಥೆ ಕಟ್ಟಿದವರು ಆ ದಿಬ್ಬವನ್ನು ಎಷ್ಟು ಸೂಕ್ಷ್ಮವಾಗಿ ನೋಡಿದ್ದರು ಎಂಬುದನ್ನು ಯೋಚಿಸಿ. ಇದು ಮಣ್ಣಲ್ಲ, ಬೂದಿ ಎಂದು ಅವರು ಗುರುತಿಸಿದ್ದರು. ಸಾಮಾನ್ಯ ಬೆಂಕಿಯಿಂದ ಇಷ್ಟು ಬೂದಿಯಾಗದು ಎಂದೂ, ಸುಟ್ಟದ್ದು ಯಾವುದೋ ಪ್ರಾಣಿಯ ಮೈಗೆ ಸಂಬಂಧಿಸಿದ್ದು ಎಂದೂ, ಇದು ತಮ್ಮ ಅಜ್ಜ ಮುತ್ತಜ್ಜರ ಕಾಲಕ್ಕಿಂತ ಬಹಳ ಹಿಂದಿನದು ಎಂದೂ ಗುರುತಿಸಿದ್ದರು. ವಿಜಯನಗರಕ್ಕೆ ತಂದು ಕಟ್ಟಿದ ಪಂಡಿತರಿಗಿಂತ, ದ್ವಾಪರಕ್ಕೂ ತ್ರೇತಾಯುಗಕ್ಕೂ ಒಯ್ದ ಹಳ್ಳಿಯವರು ಕಾಲದ ಅಂದಾಜಿನಲ್ಲಿ ಹೆಚ್ಚು ಹತ್ತಿರವಿದ್ದರು. ಅವರ ಕೈಯಲ್ಲಿ ಅಷ್ಟು ಹಿಂದಿನದನ್ನು ಹೇಳಲು ಇದ್ದ ಭಾಷೆ ಪುರಾಣದ ಭಾಷೆ. ಅದರಲ್ಲಿಯೇ ಹೇಳಿದರು.

ಕೆಲವು ವರ್ಷಗಳ ಹಿಂದೆ ನಿಂಬಾಪುರದ ದಿಬ್ಬದ ಹತ್ತಿರ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರಿಗೆ ನಾನು ಈ ಸಗಣಿಯ ವಿಚಾರವನ್ನೆಲ್ಲ ಹೇಳಿದೆ. ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. “ತಿಪ್ಪಿಗೆ ಬೆಂಕಿ ಬಿದ್ರ ಮ್ಯಾಲ ಕಾಣಂಗಿಲ್ರಿ ಸರ, ಒಳಗೊಳಗ ತಿಂಗಳಾನುಗಟ್ಲೆ ಬೇಯ್ತದ” ಎಂದರು. ದೊಡ್ಡಿಯ ಸಗಣಿ ವರ್ಷಗಟ್ಟಲೆ ಬಿದ್ದು ಆಳೆತ್ತರವಾದರೆ ಒಳಗಿನ ಕಾವು ಎಷ್ಟಿರುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಹಾಗಾದರೆ ವಾಲಿಯನ್ನು ಸುಟ್ಟ ಮಾತು ಸುಳ್ಳೇ ಎಂದು ನಾನು ಕೇಳಿದ್ದಕ್ಕೆ, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಬ್ಯಾರೆ ಮಾತ್ರಿ. ವಾಲಿನ್ನ ಸುಟ್ಟ ಜಾಗ ಅಂತ ನಮ್ಮಪ್ಪ ಇಲ್ಲಿ ಕೆರ ಬಿಟ್ಟು ಹತ್ತತಿದ್ದ, ನಾನೂ ಬಿಟ್ಟು ಹತ್ತತೀನಿ” ಎಂದರು. ನಾನು ಆ ದಿನ ಕಲಿತದ್ದು ಇಷ್ಟು: ಅವರ ಮನಸ್ಸಿನಲ್ಲಿ ಎರಡು ಮಾತುಗಳು ಎರಡು ಕೆಲಸ ಮಾಡುತ್ತಿದ್ದವು. ದಿಬ್ಬ ಹೇಗಾಯಿತು ಎಂಬುದಕ್ಕೆ ಒಂದು ಮಾತು. ದಿಬ್ಬದ ಎದುರು ಮನುಷ್ಯ ಹೇಗಿರಬೇಕು ಎಂಬುದಕ್ಕೆ ಇನ್ನೊಂದು. ನಾವು ಓದಿದವರು ಮೊದಲನೆಯದನ್ನು ಕೊಡುವಾಗ ಎರಡನೆಯದನ್ನು ಕಿತ್ತುಕೊಳ್ಳುತ್ತೇವೆ. ಕಿತ್ತುಕೊಂಡ ಜಾಗದಲ್ಲಿ ಏನನ್ನೂ ಇಡುವುದಿಲ್ಲ.

ಶಾಸನವನ್ನು ಓದುವಾಗ ನಾವು ಅದರಲ್ಲಿರುವುದನ್ನೆಲ್ಲ ನಂಬುವುದಿಲ್ಲ. ‘ಸಮಸ್ತ ಭುವನಾಶ್ರಯ’ ಎಂದು ರಾಜನನ್ನು ಕರೆದ ಮಾತ್ರಕ್ಕೆ ಅವನು ಜಗತ್ತನ್ನೆಲ್ಲ ಆಳಿದ ಎಂದು ಬರೆದುಕೊಳ್ಳುವುದಿಲ್ಲ, ಹಾಗೆಂದು ಶಾಸನವನ್ನು ಎಸೆಯುವುದೂ ಇಲ್ಲ. ಯಾರು ಬರೆಸಿದರು, ಯಾರಿಗಾಗಿ, ಯಾವ ಸಂದರ್ಭದಲ್ಲಿ ಎಂದು ಕೇಳಿ, ಅದರೊಳಗಿನ ದತ್ತಿಯ ಹೊಲ, ಕೆರೆಯ ಹೆಸರು, ಅಳತೆಯ ಕೋಲು ಇವನ್ನೆಲ್ಲ ಹೆಕ್ಕಿಕೊಳ್ಳುತ್ತೇವೆ. ಊರಿನವರು ಒಂದು ಗುಡ್ಡಕ್ಕೆ, ಗುಂಡಿಗೆ, ದಿಬ್ಬಕ್ಕೆ ಇಟ್ಟ ಹೆಸರೂ ಹಾಗೆಯೇ ಓದಬೇಕಾದ ಬರಹ. ಅದನ್ನು ಬರೆದವರು ಕಲ್ಲಿನ ಮೇಲೆ ಕೊರೆಯಲಿಲ್ಲ, ನಾಲಗೆಯ ಮೇಲೆ ಉಳಿಸಿದರು. ಅದಕ್ಕಾಗಿಯೇ ಅದು ಬೇಗ ಅಳಿಸಿಹೋಗುತ್ತದೆ.

ನಮ್ಮ ಜಿಲ್ಲೆಯ ಹಿರೇಬೆಣಕಲ್ಲಿಗೆ ಬರುತ್ತೇನೆ. ಗಂಗಾವತಿಯ ಕಡೆಯ ಈ ಊರಿನಿಂದ ಬೆಟ್ಟದ ಮೇಲಕ್ಕೆ ಕಲ್ಲು ಮುಳ್ಳಿನ ದಾರಿಯಲ್ಲಿ ಹತ್ತಿದರೆ, ಬಂಡೆಯ ಹಾಸಿನ ಮೇಲೆ ಸುಮಾರು 400 ಕಲ್ಲಿನ ಕಟ್ಟಡಗಳು ಒಂದು ಊರಿನಂತೆ ಹರಡಿಕೊಂಡಿವೆ. ಕೆಲವು ಮೊಳಕಾಲೆತ್ತರ, ಕೆಲವು ಆಳಿಗಿಂತ ಎತ್ತರ. ಚಪ್ಪಡಿಗಳನ್ನು ಗೋಡೆಯಾಗಿ ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಮಾಳಿಗೆಯಾಗಿ ಹೊದಿಸಿ, ಒಂದು ಗೋಡೆಯಲ್ಲಿ ಗುಂಡಗಿನ ಕಂಡಿ ಕೊರೆದಿದ್ದಾರೆ. ನಿಜಾಮರ ಸೇವೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1835ರಲ್ಲಿಯೇ ಇದರ ಬಗ್ಗೆ ಬರೆದಿದ್ದಾರೆ. 2021ರಲ್ಲಿ ಇದು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಪುರಾತತ್ವದ ಲೆಕ್ಕದಲ್ಲಿ ಇವು ಕಬ್ಬಿಣವನ್ನು ಬಲ್ಲ ಜನ ಎರಡು ಎರಡೂವರೆ ಸಾವಿರ ವರ್ಷಗಳ ಹಿಂದೆ ತಮ್ಮ ಸತ್ತವರ ನೆನಪಿಗೆ ಎತ್ತಿದ ಬೃಹತ್ ಶಿಲಾ ರಚನೆಗಳು.

ಊರವರ ಲೆಕ್ಕದಲ್ಲಿ ಇವು ಮೊರೇರ ಮನೆಗಳು. ಬೆಟ್ಟದ ಹೆಸರು ಮೊರೇರ ಗುಡ್ಡ. ಮೊರೇರು ಎಂದರೆ ಮೂರಡಿ ಎತ್ತರದ, ಆದರೆ ಬಹಳ ಬಲಿಷ್ಠರಾದ ಜನ. ಬೆಂಕಿಯ ಮಳೆ ಬಂದು ಅವರೆಲ್ಲ ಅಳಿದುಹೋದರು ಎಂದು ಹೇಳುತ್ತಾರೆ. ನೀವು ಒಂದು ಕಂಡಿಯ ಎದುರು ಕುಕ್ಕರಗಾಲಿನಲ್ಲಿ ಕುಳಿತು ಒಳಗೆ ಇಣುಕಿ ನೋಡಿದರೆ ಈ ಕಥೆ ಎಲ್ಲಿಂದ ಹುಟ್ಟಿತು ಎಂದು ತಿಳಿಯುತ್ತದೆ. ಗೋಡೆಯಿದೆ, ಮಾಳಿಗೆಯಿದೆ, ಒಳಗೆ ಹೋಗಲು ದಾರಿಯೂ ಇದೆ. ಆದರೆ ಆ ದಾರಿಯಲ್ಲಿ ಬೆಳೆದ ಮನುಷ್ಯ ಭುಜ ತೂರಿಸಲಾರ. ಹಾಗಾದರೆ ಇದರಲ್ಲಿ ಇದ್ದವರು ಗಿಡ್ಡರಿರಬೇಕು. ಆದರೆ ಇಷ್ಟು ಭಾರದ ಚಪ್ಪಡಿಯನ್ನು ಎತ್ತಿ ನಿಲ್ಲಿಸಿದ್ದಾರೆ, ಹಾಗಾದರೆ ಬಲಿಷ್ಠರಿರಬೇಕು. ಈಗ ಅವರಲ್ಲಿ ಒಬ್ಬರೂ ಇಲ್ಲ. ಹಾಗಾದರೆ ಎಲ್ಲರೂ ಒಟ್ಟಿಗೆ ಅಳಿದಿರಬೇಕು. ಒಂದೊಂದು ಹೆಜ್ಜೆಯೂ ಕಣ್ಣಿಗೆ ಕಂಡದ್ದರಿಂದ ಇಟ್ಟ ಹೆಜ್ಜೆ. ತಪ್ಪಿರುವುದು ಒಂದೇ ಕಡೆ: ಅದು ಬದುಕಿದವರ ಮನೆ ಎಂದು ಹಿಡಿದದ್ದರಲ್ಲಿ. ಅದೂ ಪೂರ್ತಿ ತಪ್ಪೆಂದು ನನಗೆ ಅನಿಸುವುದಿಲ್ಲ. ಕಟ್ಟಿದವರೂ ಅದನ್ನು ಮನೆಯ ಆಕಾರದಲ್ಲಿಯೇ ಕಟ್ಟಿದರು, ಸತ್ತವರಿಗೂ ಒಂದು ಮನೆ ಬೇಕೆಂದೇ ಕಟ್ಟಿದರು. ಮಾಳಿಗೆ, ಗೋಡೆ, ಕಂಡಿ ಎಂಬ ಅವರ ಮಾತನ್ನು ಎರಡು ಸಾವಿರ ವರ್ಷದ ಮೇಲೆ ಬಂದ ದನಗಾಹಿ ಸರಿಯಾಗಿಯೇ ಕೇಳಿಸಿಕೊಂಡಿದ್ದಾನೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮೊರೇರು ಎಂದರೆ ಮೌರ್ಯರೇ, ಕೊಪ್ಪಳದಲ್ಲಿ ಅಶೋಕನ ಶಾಸನವಿರುವುದರಿಂದ ಇದು ಖಚಿತ ಎಂದು ಕೆಲವರು ಉತ್ಸಾಹದಿಂದ ಹೇಳುತ್ತಾರೆ. ಎರಡು ಪದಗಳು ಕಿವಿಗೆ ಒಂದೇ ರೀತಿ ಕೇಳಿಸುವುದು ಪುರಾವೆಯಾಗುವುದಿಲ್ಲ. ಹೆಸರನ್ನು ಗೌರವಿಸಬೇಕು ಎನ್ನುವವನೇ ನಾನು. ಆದರೆ ಹೆಸರನ್ನು ಎಳೆದಾಡಿ ನಮಗೆ ಬೇಕಾದ ರಾಜವಂಶಕ್ಕೆ ಗಂಟು ಹಾಕುವುದು ಗೌರವವಲ್ಲ. ಅದು ಆ ದನಗಾಹಿಯ ಮಾತನ್ನು ಅವನ ಬಾಯಿಂದ ಕಸಿದು ನಮ್ಮ ಮಾತನ್ನು ಅಲ್ಲಿ ತುರುಕಿದ ಹಾಗೆ.

ಮೊರೇರ ಗುಡ್ಡದ ಮೇಲೆಯೇ ಎತ್ತರದ ಬಂಡೆಯ ಮೇಲೆ ನಗಾರಿಯ ಆಕಾರದ ಗುಂಡುಕಲ್ಲೊಂದಿದೆ. ಕಲ್ಲಿನಿಂದ ಹೊಡೆದರೆ ಅದರ ಸದ್ದು ಕಣಿವೆಯಲ್ಲಿ ಬಹುದೂರ ಹೋಗುತ್ತದೆ. ಚಪ್ಪಡಿಗಳನ್ನು ಎಬ್ಬಿಸಿದ ಕಲ್ಲುಗಣಿಯ ತಗ್ಗು ಅಲ್ಲಿಯೇ ನೀರಿನ ಕೊಳವಾಗಿ ನಿಂತಿದೆ. ಹೀಗೆ ಮೊಳಗುವ ಕಲ್ಲುಗಳು ಬಳ್ಳಾರಿಯ ಹತ್ತಿರದ ಸಂಗನಕಲ್ಲು ಕಪ್ಪಗಲ್ಲು ಗುಡ್ಡಗಳಲ್ಲಿಯೂ ಇವೆ. ಅಲ್ಲಿನ ಹಿರೇಗುಡ್ಡದಲ್ಲಿ ಕಣಶಿಲೆಯ ಬಂಡೆಗಳನ್ನು ಸೀಳಿಕೊಂಡು ಕರಿಗಲ್ಲಿನ ಒಂದು ಪಟ್ಟಿ ಹಾದುಹೋಗಿದೆ. ನವಶಿಲಾಯುಗದ ಜನ ಆ ಕರಿಗಲ್ಲನ್ನು ಒಡೆದು, ಕೆತ್ತಿ, ಉಜ್ಜಿ ಕೊಡಲಿ ಮಾಡಿದರು. ಅವರು ಕೆತ್ತಿ ಎಸೆದ ಚಕ್ಕೆಗಳು ಇವತ್ತಿಗೂ ಕಾಲಿಗೆ ತಾಗುತ್ತವೆ. ಉಜ್ಜಿದ ಬಂಡೆಗಳಲ್ಲಿ ಕೈ ಇಟ್ಟರೆ ಹೊಂದಿಕೊಳ್ಳುವಂಥ ನುಣುಪಾದ ತೋಡುಗಳಿವೆ. ಅದೇ ಕರಿಬಂಡೆಗಳ ಮೇಲೆ ಉದ್ದ ಕೊಂಬಿನ, ಇಣಿಯುಳ್ಳ ಎತ್ತುಗಳನ್ನೂ ಸಾಲಾಗಿ ನಿಂತ ಮನುಷ್ಯರನ್ನೂ ಕುಟ್ಟಿ ಕುಟ್ಟಿ ಬಿಡಿಸಿದ್ದಾರೆ. ಬೂದಿದಿಬ್ಬದಲ್ಲಿ ಗೊರಸಿನ ಗುರುತಾಗಿ ಉಳಿದ ದನ ಇಲ್ಲಿ ಚಿತ್ರವಾಗಿ ನಿಂತಿದೆ. ಕಪ್ಪಗಲ್ಲು ಎಂಬ ಹೆಸರು ಕೇಳಿದ ಕೂಡಲೇ ನನಗೂ ಈ ಕಪ್ಪು ಕಲ್ಲೇ ನೆನಪಾಗುತ್ತದೆ. ಆದರೆ ಮೊರೇರ ವಿಷಯದಲ್ಲಿ ಹೇಳಿದ ಎಚ್ಚರಿಕೆ ನನಗೂ ಅನ್ವಯಿಸುವುದರಿಂದ ಅಲ್ಲಿಗೇ ನಿಲ್ಲಿಸುತ್ತೇನೆ.

ಸಂಗನಕಲ್ಲಿನ ಉತ್ಖನನಗಳಿಂದ ಹೊರಬಂದ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ, ಅದು ನಿಮ್ಮ ಅಡುಗೆಮನೆಗೆ ಸೇರಿದ್ದು. ಇಲ್ಲಿಯೂ ಈ ಸೀಮೆಯ ಬೇರೆ ನವಶಿಲಾಯುಗದ ನೆಲೆಗಳಲ್ಲಿಯೂ ಮಣ್ಣನ್ನು ನೀರಿನಲ್ಲಿ ತೇಲಿಸಿ ಸೋಸಿದಾಗ, ಸುಟ್ಟು ಕರಿಕಾದ ಕಾಳುಗಳು ಸಿಕ್ಕವು. ಅವುಗಳಲ್ಲಿ ಹೆಚ್ಚಾಗಿ ಕಂಡದ್ದು ಹುರುಳಿ, ಹೆಸರು, ಕೊರಲೆ. ಹೊರಗಿನಿಂದ ಬಂದ ಗೋಧಿ, ಜವೆಗೋಧಿ ಆಮೇಲೆ ಅಲ್ಲಲ್ಲಿ ಕಾಣಿಸಿಕೊಂಡರೂ, ಬೇಸಾಯ ಗಟ್ಟಿಯಾಗಿ ನಿಂತದ್ದು ಈ ನೆಲದ ಕಾಳುಗಳ ಮೇಲೆ. ಈಗ ಸಿರಿಧಾನ್ಯ ಎಂದು ಪೊಟ್ಟಣದಲ್ಲಿ ಮಾರುವ ಕೊರಲೆ ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಗುಡ್ಡದ ಬಂಡೆಯ ಮೇಲೆ ಅರೆಯುತ್ತಿದ್ದ ಕಾಳು. ಪರಂಪರೆ ಎಂದರೆ ನಾವು ಗೋಪುರವನ್ನು ನೆನೆಯುತ್ತೇವೆ. ಆದರೆ ಹುರುಳಿ ಕಟ್ಟಿನ ಸಾರು ಮಾಡುವ ತಾಯಂದಿರು ಇಟಗಿಯ ಮಹಾದೇವ ದೇವಾಲಯಕ್ಕಿಂತ ಮೂರು ಸಾವಿರ ವರ್ಷ ಹಳೆಯದಾದ ಒಂದನ್ನು ದಿನಾಲು ಮುಂದುವರಿಸುತ್ತಿದ್ದಾರೆ.

ಆ ಗುಡ್ಡಗಳಲ್ಲಿ ಕಲ್ಲುಗಣಿಗಾರಿಕೆ ಎಷ್ಟನ್ನು ತಿಂದುಹಾಕಿದೆ ಎಂಬುದು ಬಳ್ಳಾರಿಯವರಿಗೆ ಗೊತ್ತು. ಚಿತ್ರವಿದ್ದ ಬಂಡೆಗೂ ಚಿತ್ರವಿಲ್ಲದ ಬಂಡೆಗೂ ಜಲ್ಲಿಯ ಬೆಲೆ ಒಂದೇ. ಬೂದಿದಿಬ್ಬಗಳದ್ದೂ ಅದೇ ಪಾಡು: ಬೂದಿ ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ಬಂಡಿಗಟ್ಟಲೆ ಹೇರಿಕೊಂಡು ಹೋದದ್ದರಿಂದ ಎಷ್ಟೋ ದಿಬ್ಬಗಳು ಕರಗಿವೆ, ರಸ್ತೆಗಳಿಗೆ ಎಡೆ ಕೊಟ್ಟು ಕೆಲವು ಅರ್ಧವಾಗಿವೆ. ರೈತನನ್ನು ನಾನು ದೂರಲಾರೆ. ಅದು ಏನು ಎಂದು ಅವನಿಗೆ ಹೇಳಬೇಕಾದವರು ಅವನ ಹೊಲಕ್ಕೆ ಹೋಗಲೇ ಇಲ್ಲ.

ಇನ್ನು ಅಶೋಕನ ವಿಷಯ. ನಮ್ಮ ಮೂರು ಜಿಲ್ಲೆಗಳಲ್ಲಿ ಅವನ ಶಾಸನಗಳಿರುವಷ್ಟು ಒತ್ತಾಗಿ ದೇಶದಲ್ಲಿ ಬೇರೆಡೆ ಸಿಗುವುದು ಅಪರೂಪ: ರಾಯಚೂರು ಜಿಲ್ಲೆಯ ಮಸ್ಕಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳ, ಇಲ್ಲಿ ಕೊಪ್ಪಳದಲ್ಲಿ ಗವಿಮಠ ಮತ್ತು ಪಾಲ್ಕಿಗುಂಡು. ಮಸ್ಕಿಯದನ್ನು 1915ರಲ್ಲಿ ಕಂಡವರು ಬೀಡನ್ ಎಂಬ ಗಣಿ ಎಂಜಿನಿಯರ್. ಅವರು ಹುಡುಕುತ್ತಿದ್ದದ್ದು ಚಿನ್ನ. ಅದುವರೆಗೆ ದೇಶದ ಎಲ್ಲ ಬಂಡೆಗಳಲ್ಲಿ ‘ದೇವಾನಾಂಪಿಯ ಪಿಯದಸಿ’ ಎಂಬ ಬಿರುದುಗಳಷ್ಟೇ ಕಾಣಿಸುತ್ತಿದ್ದವು. ಅವನೇ ಅಶೋಕನೆಂಬುದನ್ನು ಸಿಂಹಳದ ಗ್ರಂಥಗಳ ನೆರವಿನಿಂದ ಹೇಳಬೇಕಾಗಿತ್ತು. ಮಸ್ಕಿಯ ಬಂಡೆಯಲ್ಲಿ ‘ಅಸೋಕಸ’ ಎಂದು ಹೆಸರೇ ಇತ್ತು. ಕೊಪ್ಪಳದ ಎರಡನ್ನು 1931ರಲ್ಲಿ ಎನ್. ಬಿ. ಶಾಸ್ತ್ರಿಯವರು ಗುರುತಿಸಿದರು, ಆಗ ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಟ್ಟೂರು, ಉಡೇಗೋಳಗಳದ್ದು 1970ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದವು, ಅವುಗಳಲ್ಲಿಯೂ ಅಶೋಕನ ಹೆಸರಿದೆ.

ಇಲ್ಲಿಂದ ಗವಿಮಠಕ್ಕೆ ನಡೆದೇ ಹೋಗಬಹುದು. ಗವಿಸಿದ್ಧೇಶ್ವರನ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ದಾಸೋಹದ ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಜನರಿಗೆ ಮಗ್ಗುಲ ಬಂಡೆಯ ಮೇಲಿನ ಬರಹದ ತಿರುಳು ಗೊತ್ತು? ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಹಿರಿದಾದ ಸ್ವರ್ಗವನ್ನು ಪಡೆಯಬಲ್ಲ ಎಂದು ಆ ಶಾಸನ ಪ್ರಾಕೃತದಲ್ಲಿ, ಬ್ರಾಹ್ಮಿ ಲಿಪಿಯಲ್ಲಿ ಹೇಳುತ್ತದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ರಾಜನೊಬ್ಬ ಈ ಬೆಟ್ಟದ ಜನರಿಗೆಂದು ಬರೆಸಿದ ಮಾತು ಅದು. ಆ ಮಾತನ್ನು ಇಲ್ಲಿಯ ಜನಕ್ಕೆ ಯಾರೋ ಅವರ ನುಡಿಯಲ್ಲಿ ಓದಿ ಹೇಳಿರಬೇಕು. ಪ್ರಾಕೃತ ಇಲ್ಲಿಯ ಮನೆಮಾತಾಗಿತ್ತೆಂದು ನಂಬುವುದು ಕಷ್ಟ. ಆಮೇಲೆ ಲಿಪಿ ಮರೆತುಹೋಯಿತು. ಕೊಪಣ ಎಂದು ಹೆಸರಾದ ಈ ಕೊಪ್ಪಳ ಜೈನರ ದೊಡ್ಡ ತೀರ್ಥವಾಯಿತು, 9ನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ (ಅಚ್ಚ ಕನ್ನಡದ) ನಾಡನ್ನು ಗುರುತಿಸುವಾಗ ಕೊಪಣವನ್ನು ಹೆಸರಿಸಿತು, ಬೆಟ್ಟದ ಮೇಲೆ ಹೊಸ ಹೊಸ ಬರಹಗಳು ಬಂದವು. ಹಳೆಯ ಬರಹ ಅಲ್ಲಿಯೇ ಇದ್ದೂ ಯಾರಿಗೂ ಓದಲು ಬಾರದಾಯಿತು.

ಓದಲು ಬಾರದ ಮೇಲೆಯೂ ಜನ ಆ ಬಂಡೆಯನ್ನು ಬಿಟ್ಟುಕೊಡಲಿಲ್ಲ. ಪಾಲ್ಕಿಗುಂಡಿನಲ್ಲಿ ಶಾಸನವಿರುವ ಬಂಡೆಯ ಮೇಲೆ ಗುಂಡುಗಳು ಹೊತ್ತು ನಿಂತ ದೊಡ್ಡದೊಂದು ಚಪ್ಪಟೆ ಬಂಡೆ ಮರೆಯಾಗಿ ಚಾಚಿಕೊಂಡಿದೆ. ಕೆಳಗಿನಿಂದ ನೋಡಿದರೆ ನಾಲ್ವರು ಹೆಗಲು ಕೊಟ್ಟ ಪಾಲಕಿಯೇ. ಬರಹ ಮೌನವಾದಾಗ ಜನ ಕಲ್ಲಿನ ಆಕಾರವನ್ನು ಓದಿ, ಅದಕ್ಕೆ ಹೊಸ ಹೆಸರಿಟ್ಟು ತಮ್ಮದಾಗಿಸಿಕೊಂಡರು. ಅಶೋಕನ ಬಂಡೆ ಎನ್ನುವುದು 1931ರ ಹೆಸರು. ಪಾಲ್ಕಿಗುಂಡು ಎನ್ನುವುದು ಅದಕ್ಕಿಂತ ಹಳೆಯ ಹೆಸರು. ಫಲಕದ ಮೇಲೆ ಎರಡೂ ಇರಬೇಕು, ಎರಡಕ್ಕೂ ಸಮನಾದ ಅಕ್ಷರವಿರಬೇಕು ಎಂಬುದು ನನ್ನ ಹಠ.

ಎಲ್ಲ ಕಥೆಗಳೂ ಕಾಪಾಡುವ ಕಥೆಗಳೇ ಎಂದು ನಾನು ಹೇಳಿದರೆ ಅದು ಪೂರ್ಣ ಸತ್ಯವಾಗುವುದಿಲ್ಲ. ನಮ್ಮಲ್ಲಿ ಹಳೆಯದು ಎಂದ ಕೂಡಲೇ ಅದರಡಿಯಲ್ಲಿ ಕೊಪ್ಪರಿಗೆ ಹೊನ್ನಿದೆ ಎಂಬ ಕಥೆಯೂ ಅಷ್ಟೇ ಗಟ್ಟಿಯಾಗಿದೆ. ಈ ಸೀಮೆಯಲ್ಲಿ ಚಿನ್ನದ ಮಾತು ಬರಿಯ ಕನಸಲ್ಲ. ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ ನೆಲದಾಳಕ್ಕೆ ಇಳಿದು ಚಿನ್ನ ತೆಗೆದಿದ್ದಾರೆ, ವಿಜಯನಗರದ ಸಂಪತ್ತಿನ ನೆನಪು ಇನ್ನೂ ಬಾಯಲ್ಲಿದೆ. ಆದರೆ ಆ ನೆನಪು ಅಮಾವಾಸ್ಯೆಯ ರಾತ್ರಿ ಹಾರೆ ಹಿಡಿದು ಹೊರಟಾಗ ಏನಾಗುತ್ತದೆ ಎಂಬುದನ್ನು ನಾನು ಮೊರೇರ ಗುಡ್ಡದಂಥ ಕಲ್ಮನೆಗಳ ನೆಲೆಗಳಲ್ಲಿ ಕಂಡಿದ್ದೇನೆ. ಒಂದು ಕಲ್ಮನೆಯ ಮಾಳಿಗೆಯ ಚಪ್ಪಡಿಯನ್ನು ಹೊಸದಾಗಿ ಉರುಳಿಸಿದ್ದರು. ಒಳಗಿನ ನೆಲವನ್ನು ಮೊಣಕಾಲುದ್ದ ಅಗೆದಿದ್ದರು. ಪಕ್ಕದಲ್ಲಿ ಒಡೆದ ತೆಂಗಿನಕಾಯಿ, ನಿಂಬೆಹಣ್ಣು, ಕುಂಕುಮ. ಎರಡು ಸಾವಿರ ವರ್ಷದ ಕಪ್ಪು ಕೆಂಪು ಮಡಕೆಯ ಚೂರುಗಳು ಬೇಡದ ಕಸದಂತೆ ಬದಿಗೆ ಬಿದ್ದಿದ್ದವು. ಆ ಮಡಕೆಯೇ ಅಲ್ಲಿದ್ದ ನಿಧಿ. ಸತ್ತವರಿಗೆ ಹೊನ್ನನ್ನಲ್ಲ, ಅನ್ನವನ್ನು ಇಟ್ಟು ಕಳಿಸಿದ್ದ ಜನ ಅವರು.

ಹಾಗಾಗಿ ಊರಿನ ನೆನಪನ್ನು ಗೌರವಿಸುವುದೆಂದರೆ ಅದಕ್ಕೆ ತಲೆಯಾಡಿಸುವುದಲ್ಲ, ಅದರೊಡನೆ ವಾದಕ್ಕೆ ಕೂರುವುದು. ವಾದಕ್ಕೆ ಕೂರಬೇಕಾದರೆ ಊರಿಗೆ ಹೋಗಬೇಕು. ನಾನು ಕಂಡ ಒಂದು ಹಳ್ಳಿಯಲ್ಲಿ ದೇವಸ್ಥಾನದ ಜೀರ್ಣೋದ್ಧಾರ ಮಾಡುತ್ತ, ಹನ್ನೆರಡನೆಯ ಶತಮಾನದ ಶಾಸನಕ್ಕೆ ಬಂಗಾರದ ಬಣ್ಣದ ಎನಾಮೆಲ್ ಬಳಿದಿದ್ದರು. ಅಕ್ಷರದ ತೋಡುಗಳೆಲ್ಲ ಬಣ್ಣದಿಂದ ತುಂಬಿಹೋಗಿದ್ದವು. ಬಳಿದವರು ಅದನ್ನು ಕೆಡಿಸಲು ಬಳಿದದ್ದಲ್ಲ. ದೇವರ ಕಲ್ಲು ಚೆಂದ ಕಾಣಲಿ ಎಂದು ಪಟ್ಟಿ ಎತ್ತಿ ಬಣ್ಣ ತಂದಿದ್ದರು. ಅದಕ್ಕೂ ಐದು ವರ್ಷ ಹಿಂದೆ ಸಂಬಂಧಪಟ್ಟ ಕಚೇರಿಗೆ ನಾನೇ ಎರಡು ಸಲ ಪತ್ರ ಬರೆದಿದ್ದೆ, ಉತ್ತರ ಬಂದಿರಲಿಲ್ಲ. ಪತ್ರ ಬರೆದು ಸುಮ್ಮನಾಗುವ ಬದಲು ಒಂದು ಭಾನುವಾರ ಆ ಊರಿನ ಕಟ್ಟೆಯ ಮೇಲೆ ಕುಳಿತು, ಈ ಕಲ್ಲಿನಲ್ಲಿ ನಿಮ್ಮ ಊರಿನ ಕೆರೆಯ ಹೆಸರಿದೆ ಎಂದು ಓದಿ ಹೇಳಿದ್ದರೆ ಬಣ್ಣದ ಡಬ್ಬಿ ಅದರ ಹತ್ತಿರ ಬರುತ್ತಿರಲಿಲ್ಲ ಎಂಬ ನೋವು ನನ್ನನ್ನು ಇನ್ನೂ ಬಿಟ್ಟಿಲ್ಲ.

ಕೊನೆಯದಾಗಿ ಹೊಲಗಳ ಹೆಸರು. ಕಂದಾಯದ ದಾಖಲೆಗಳಲ್ಲಿ ಬೇಚರಾಕ್ ಗ್ರಾಮ ಎಂಬ ಮಾತಿದೆ. ಜನವಿಲ್ಲದೆ ಹಾಳಾದ, ಆದರೆ ಹೆಸರಷ್ಟೇ ಉಳಿದ ಊರು. ಪ್ಲೇಗು, ಬರ, ಯುದ್ಧ, ನದಿ, ಏನೇನೋ ಕಾರಣಕ್ಕೆ ಬಿಟ್ಟುಹೋದ ಊರುಗಳು. ಅಂಥ ಕಡೆ ಮನೆಗಳು ಮಣ್ಣಾಗಿದ್ದರೂ ಹಾಳೂರ ಹನುಮಪ್ಪ ಒಬ್ಬ ಇರುತ್ತಾನೆ. ಊರು ಬಿಟ್ಟು ಹೋದವರ ಮೊಮ್ಮಕ್ಕಳು ಶ್ರಾವಣದ ಶನಿವಾರ ಅವನಿಗೆ ಕಾಯಿ ಒಡೆಸಲು ಬರುತ್ತಾರೆ. ಅವರನ್ನು ಕೇಳಿದರೆ, ಇಲ್ಲಿ ನಮ್ಮ ಮನೆಯ ಬಾಗಿಲಿತ್ತಂತೆ, ಅಲ್ಲಿ ಬಾವಿಯಿತ್ತಂತೆ ಎಂದು ಹೊಲದ ನಡುವೆ ನಿಂತು ಕೈ ತೋರಿಸುತ್ತಾರೆ. ಪಹಣಿಯಲ್ಲಿ ಉಳಿದಿರುವುದು ಸರ್ವೆ ನಂಬರು ಮಾ‍ತ್ರ. ಹೊಲ ಮಾರಾಟವಾಗಿ ಹೊರಗಿನವರ ಕೈಗೆ ಹೋದ ದಿನ ಹೊಲದ ಹೆಸರೂ ಸಾಯುತ್ತದೆ.

ಹೋದ ವರ್ಷ ನನ್ನ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟೆ. ಅವರವರ ಊರಿನ ಹೊಲ, ಹಳ್ಳ, ಗುಂಡು, ದಿಬ್ಬಗಳ ಹೆಸರನ್ನು ಮನೆಯ ಹಿರಿಯರಿಂದ ಕೇಳಿ ಬರೆದು ತರಬೇಕು, ಏಕೆ ಆ ಹೆಸರು ಎಂಬುದನ್ನು ಹಿರಿಯರ ಮಾತಿನಲ್ಲಿಯೇ ಬರೆಯಬೇಕು, ತಿದ್ದಬಾರದು. ಒಬ್ಬ ಹುಡುಗಿ ತಂದ ಪಟ್ಟಿಯಲ್ಲಿ ಬೂದಿಹೊಲ ಎಂಬ ಹೆಸರಿತ್ತು. ಕಾರಣದ ಕಡೆ, “ಅಜ್ಜಿಗೆ ಗೊತ್ತಿಲ್ಲ, ಅವಳ ಅತ್ತೆಯೂ ಹಾಗೇ ಅನ್ನುತ್ತಿದ್ದಳಂತೆ” ಎಂದು ಬರೆದಿದ್ದಳು. ನಾವು ಹೋಗಿ ನೋಡಿದೆವು. ಹತ್ತಿ ಬಿತ್ತಿದ ಎರೆಹೊಲ. ಒಂದು ಮೂಲೆಯಲ್ಲಿ ಮಾತ್ರ ಮಣ್ಣು ಬೂದುಬಣ್ಣಕ್ಕೆ ತಿರುಗಿತ್ತು, ದಿಬ್ಬವೇನೂ ಉಳಿದಿರಲಿಲ್ಲ. ಬದುವಿನ ಕಲ್ಲುಗಳ ನಡುವೆ ಹಗುರಾದ ಒಂದು ಕಿಟ್ಟದ ಉಂಡೆ ಸಿಕ್ಕಿತು. ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿ, ಇಂಥವು ತಾನು ಮದುವೆಯಾಗಿ ಬಂದಾಗ ಬಂಡಿಗಟ್ಟಲೆ ಇದ್ದವು ಎಂದರು. ಮೊಮ್ಮಗಳು ಬದುವಿನ ಮೇಲೆ ಕುಳಿತು ಪಟ್ಟಿಯ ಖಾಲಿ ಜಾಗದಲ್ಲಿ ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡಳು; ಅಜ್ಜಿ ಆ ಉಂಡೆಯನ್ನು ಮೊದಲಿದ್ದ ಕಡೆಗೇ, ಕಲ್ಲುಗಳ ಸಂದಿಗೆ, ಹುಷಾರಾಗಿ ಇಟ್ಟರು.